ಗೃಹ ಸಚಿವರಿಗೊಂದು ಬಹಿರಂಗ ಪತ್ರ: ನಮ್ಮ ಕಣ್ಣು ನೋಡಿ ತೀರ್ಪು ಕೊಡಬೇಡಿ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ನನಗೆ ಆಟಿಸಂ ಇದೆ. ಸರ್ಕಾರಿ ಕಾಗದಗಳಲ್ಲಿ ಅದನ್ನು ಸ್ವಲೀನತೆ ಎಂದು ಬರೆದಿರುತ್ತಾರೆ. ವಯಸ್ಸು ಮೂವತ್ತು ದಾಟಿದೆ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ, ದುಡಿದು ತಿನ್ನುತ್ತೇನೆ, ತಪ್ಪದೆ ವೋಟು ಹಾಕುತ್ತೇನೆ. ಮನೆಯಲ್ಲಿ, ಗೊತ್ತಿರುವವರ ಹತ್ತಿರ ಮಾತಾಡುತ್ತೇನೆ. ಗಾಬರಿಯಾದರೆ, ಗದ್ದಲ ಹೆಚ್ಚಾದರೆ, ಯಾರಾದರೂ ಮೈಮೇಲೆ ಬಂದಂತೆ ಪ್ರಶ್ನೆ ಕೇಳಿದರೆ ಮಾತು ನಿಂತುಹೋಗುತ್ತದೆ. ಹೇಳಬೇಕಾದ್ದೆಲ್ಲ ತಲೆಯಲ್ಲಿ ಸ್ಪಷ್ಟವಾಗಿರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಆಗ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ.

ಪತ್ರ ಉದ್ದವಿದೆ, ಆದ್ದರಿಂದ ಬೇಡಿಕೆಯನ್ನು ಮೊದಲೇ ಇಡುತ್ತೇನೆ. ಆಟಿಸಂ ಇರುವವರು ಬರೆದು, ಟೈಪ್ ಮಾಡಿ, ಚಿತ್ರ ತೋರಿಸಿ ಕೊಡುವ ಉತ್ತರವನ್ನು ಬಾಯಿಮಾತಿನ ಉತ್ತರದಂತೆಯೇ ಸ್ವೀಕರಿಸಬೇಕೆಂದು ರಾಜ್ಯದ ಪ್ರತಿ ಠಾಣೆಗೂ ಲಿಖಿತ ಆದೇಶ ಕಳುಹಿಸಿ. ಪೊಲೀಸರಿಗೆ ಈ ಬಗ್ಗೆ ತರಬೇತಿ ಕೊಡಿಸಿ. ಆ ತರಬೇತಿ ಕೊಡುವವರಲ್ಲಿ ಆಟಿಸಂ ಇರುವವರೂ ಇರಲಿ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೆಲಸ ಮುಗಿಯುವುದು ತಡವಾಗಿತ್ತು. ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ನಿಂತಿದ್ದೆ. ದಣಿವಾದಾಗ ಮೈಯನ್ನು ಹಿಂದೆ ಮುಂದೆ ತೂಗುತ್ತೇನೆ, ಸಣ್ಣಗೆ ಗುನುಗುತ್ತೇನೆ. ಅದರಿಂದ ತಲೆಯೊಳಗಿನ ಗದ್ದಲ ಸ್ವಲ್ಪ ಇಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ಗಸ್ತಿನ ಜೀಪು ಬಂದು ನಿಂತಿತು, ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. "ಇಷ್ಟೊತ್ತಲ್ಲಿ ಇಲ್ಲೇನ್ ಮಾಡ್ತಿದ್ದೀಯೋ?" ಎಂದು ಒಬ್ಬರು ಕೇಳಿದರು. ನನ್ನ ಬಾಯಿಂದ ಬಂದದ್ದು, "ಇಲ್ಲೇನ್ ಮಾಡ್ತಿದ್ದೀಯೋ."

ಕೆನ್ನೆಗೆ ಏಟು ಬಿತ್ತು. ಅಣಕಿಸಿದೆ ಎಂದು ಅವರು ತಿಳಿದುಕೊಂಡರು.

ನಾನು ಅಣಕಿಸಿರಲಿಲ್ಲ. ಕೇಳಿದ ಪ್ರಶ್ನೆ ಕೈತಪ್ಪಿ ಹೋಗದ ಹಾಗೆ ಹಿಡಿದಿಟ್ಟುಕೊಂಡು ಉತ್ತರ ಹುಡುಕುತ್ತಿದ್ದೆ. ನಮ್ಮಲ್ಲಿ ಬಹಳ ಜನ ಹೀಗೆ ಮಾಡುತ್ತಾರೆ, ಮಕ್ಕಳಂತೂ ಇನ್ನೂ ಹೆಚ್ಚು. ಇದಕ್ಕೆ ಎಕೋಲೇಲಿಯಾ ಎನ್ನುತ್ತಾರೆ. ಉತ್ತರ ಕೊಡುವುದಕ್ಕೆಂದೇ ಜೇಬಿನಿಂದ ಮೊಬೈಲು ತೆಗೆದೆ. "ಯಾರಿಗೋ ಮೆಸೇಜ್ ಹಾಕ್ತೀಯಾ?" ಎಂದು ಕಿತ್ತುಕೊಂಡರು. ಸಚಿವರೇ, ಮಾತಾಡುತ್ತಿರುವ ಮನುಷ್ಯನ ಬಾಯಿಗೆ ಬಟ್ಟೆ ತುರುಕಿ "ಬೊಗಳೋ" ಎಂದರೆ ಹೇಗಿರುತ್ತದೋ ನನಗೆ ಹಾಗೇ ಆಯಿತು. ಚೀಲದಲ್ಲಿ ಯುಡಿಐಡಿ ಕಾರ್ಡಿತ್ತು (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಅದನ್ನು ಅವರೇ ಹೊರಗೆ ತೆಗೆದರು. ತಿರುಗಿಸಿ ನೋಡಿ, "ಕೈಕಾಲು ಚೆನ್ನಾಗೇ ಇದೆಯಲ್ಲ, ಇದ್ಯಾವ ಅಂಗವಿಕಲ?" ಎಂದರು. ಕಾರ್ಡು ಕೊಟ್ಟದ್ದು ಸರ್ಕಾರ. ಅದರಲ್ಲಿ ಬರೆದದ್ದನ್ನು ನಂಬದವರೂ ಸರ್ಕಾರದವರೇ.

ಠಾಣೆಯಲ್ಲಿ ಟ್ಯೂಬ್‌ಲೈಟು ಮಿಣುಕುತ್ತಿತ್ತು, ವಯರ್‌ಲೆಸ್ ಸೆಟ್ಟು ಕಿರುಚುತ್ತಿತ್ತು. ಇಬ್ಬರು ಒಟ್ಟಿಗೆ ಪ್ರಶ್ನೆ ಕೇಳುತ್ತಿದ್ದರು. ಒಂದಕ್ಕೆ ಉತ್ತರ ಜೋಡಿಸುವಷ್ಟರಲ್ಲಿ ಮೂರನೆಯದು ಬಂದಿರುತ್ತಿತ್ತು. ನೆಲ ನೋಡುತ್ತಾ ಕೂತೆ. "ನೋಡಿ ಸಾರ್, ಕಣ್ಣು ಕೊಡ್ತಾನೇ ಇಲ್ಲ, ಗಾಂಜಾನೋ ಕಳ್ಳತನಾನೋ ಏನೋ ಇದೆ" ಎಂದು ಒಬ್ಬರು ಹೇಳಿದ್ದು ಕೇಳಿಸಿತು. ಆಮೇಲೆ ಇನ್ನೊಬ್ಬರು ಬಗ್ಗಿ, "ಏನು, ಒಳಗೆ ಹಾಕ್ಬೇಕಾ ನಿನ್ನ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಒಳಗಿನ ಕೋಣೆಯಲ್ಲಿ ದೀಪ ಆರಿತ್ತು, ಸದ್ದು ಕಡಿಮೆಯಿತ್ತು, ಅಲ್ಲಿ ಕೂತರೆ ಮಾತು ಮರಳಿ ಬರಬಹುದು ಎಂದುಕೊಂಡೆ. ಅದು ಬೆದರಿಕೆ ಎಂದು ನನಗೆ ಹೊಳೆದದ್ದು ಮರುದಿನ. ಅಕ್ಕ ಬಂದಾಗ ಅವಳಿಗೆ ಹೇಳಿದ್ದೇನು ಗೊತ್ತೇ? "ತಪ್ಪು ಒಪ್ಕೊಂಡಿದ್ದಾನೆ ಕಣಮ್ಮ, ತಲೆ ಆಡಿಸಿದ್ದಾನೆ."

ಅಕ್ಕನೇ ನನ್ನ ಕಾಗದಗಳನ್ನೆಲ್ಲ ತೋರಿಸಿ ಬಿಡಿಸಿಕೊಂಡು ಬಂದಳು. ಅಷ್ಟು ಹೊತ್ತೂ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. "ಇವನಿಗೆ ಓದೋಕೆ ಬರುತ್ತಾ? ಒಬ್ಬನ್ನೇ ಯಾಕಮ್ಮ ಹೊರಗೆ ಬಿಡ್ತೀರಿ?" ಎಂದು ನನ್ನೆದುರಿಗೇ ಅವಳನ್ನು ಕೇಳುತ್ತಿದ್ದರು. ಹೊಟ್ಟೆಪಾಡಿಗೆ ಬೇರೆಯವರ ಕಾಗುಣಿತ ತಿದ್ದುವವನು ನಾನು. ಏಟಿನ ನೋವು ಇಳಿದಿದೆ, ಆ ಪ್ರಶ್ನೆಯ ನೋವು ಇಳಿದಿಲ್ಲ.

ಇಷ್ಟಾದರೂ ಈ ಪತ್ರ ಬರೆಯುತ್ತಿರಲಿಲ್ಲ. ಮೇಲಧಿಕಾರಿಗಳಿಗೆ ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದು ದೂರು ಕೊಟ್ಟೆ. ಖುದ್ದಾಗಿ ಬಂದು ಮೌಖಿಕ ಹೇಳಿಕೆ ಕೊಡಿ ಎಂಬ ಉತ್ತರ ಬಂತು. ಅಲ್ಲಿ ನನಗೆ ಮಾತು ಬಾರದಿರಬಹುದು, ಬರೆದು ಕೊಡುತ್ತೇನೆ, ಬೇಕಾದರೆ ನಿಮ್ಮೆದುರು ಕೂತೇ ಬರೆಯುತ್ತೇನೆ ಎಂದು ತಿಳಿಸಿದೆ. ಕೊನೆಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟು: "ದೂರುದಾರರು ಹಾಜರಾಗಿ ಹೇಳಿಕೆ ನೀಡದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಬಾಯಿಂದ ಬಂದ ಮಾತಿಗೆ ಹೊಡೆದರು, ಮಾತಾಡಲಿಲ್ಲವೆಂದು ದೂರನ್ನೂ ಮುಚ್ಚಿದರು. ಇದನ್ನು ಓದಿದ ಮೇಲೂ ನಾನು ಸುಮ್ಮನಿರಬೇಕೇ?

ಕಾನೂನು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಆಟಿಸಂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರ ಕಲಂ 2(ಎಫ್) ಸಂವಹನ ಎಂದರೇನೆಂದು ಹೇಳುವಾಗ ಬರವಣಿಗೆ, ಸನ್ನೆ, ಚಿತ್ರ, ಸರಳ ಭಾಷೆ, ಮಾತಿಗೆ ಪೂರಕವಾದ ಮತ್ತು ಪರ್ಯಾಯವಾದ ವಿಧಾನಗಳು ಎಲ್ಲವನ್ನೂ ಸೇರಿಸಿಕೊಂಡಿದೆ. ನನ್ನ ಮೊಬೈಲಿನ ಕೀಲಿಮಣೆ ಅಲ್ಲಿದೆ, ಮಾತೇ ಬಾರದ ಮಗುವಿನ ಚಿತ್ರದ ಹಾಳೆಯೂ ಅಲ್ಲಿದೆ. ಕಲಂ 47 ಇನ್ನೂ ನೇರವಾಗಿದೆ: ಪಂಚಾಯತಿ ಸದಸ್ಯರು, ಶಾಸಕರು, ಆಡಳಿತಗಾರರು, ಪೊಲೀಸ್ ಅಧಿಕಾರಿಗಳು, ನ್ಯಾಯಾಧೀಶರು, ವಕೀಲರ ತರಬೇತಿಯಲ್ಲೆಲ್ಲ ಅಂಗವಿಕಲರ ಹಕ್ಕುಗಳ ಪಾಠ ಕಡ್ಡಾಯವಾಗಿರಬೇಕು. ಶಾಸಕರ ಹೆಸರೂ ಅದರಲ್ಲಿದೆ ಎಂಬುದನ್ನು ತಾವು ಗಮನಿಸಬೇಕು. ಸಾರ್ವಜನಿಕರ ಎದುರು ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದರೆ ಕಲಂ 92ರ ಪ್ರಕಾರ ಕನಿಷ್ಠ 6 ತಿಂಗಳಿಂದ 5 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಮಾತಾಡಲಾಗದ ಸಾಕ್ಷಿ ಬರೆದು ಅಥವಾ ಸನ್ನೆ ಮಾಡಿ ಸಾಕ್ಷ್ಯ ಹೇಳಬಹುದು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 125ರಲ್ಲೂ ಇದೆ. ನ್ಯಾಯಾಲಯ ಒಂದೂವರೆ ಶತಮಾನದಿಂದ ಒಪ್ಪುತ್ತಿರುವುದನ್ನು ಠಾಣೆಯ ಬಾಗಿಲಲ್ಲಿ ಯಾಕೆ ಒಪ್ಪುವುದಿಲ್ಲ?

ನಮ್ಮನ್ನು ನೋಡಿದ ಕೂಡಲೇ ಜನ ತಪ್ಪು ತಿಳಿಯುತ್ತಾರೆ ಎಂಬುದು ನನ್ನ ಕಲ್ಪನೆಯಲ್ಲ. 2017ರಲ್ಲಿ ಸಂಶೋಧಕ ನೋವಾ ಸ್ಯಾಸನ್ ಮತ್ತು ಸಂಗಡಿಗರು ಆಟಿಸಂ ಇರುವವರ, ಇಲ್ಲದವರ ಕೆಲವೇ ಸೆಕೆಂಡುಗಳ ವಿಡಿಯೊ, ಧ್ವನಿ, ಚಿತ್ರಗಳನ್ನು ಜನರಿಗೆ ತೋರಿಸಿ ಅಭಿಪ್ರಾಯ ಕೇಳಿದರು. ನಮ್ಮಂಥವರನ್ನು ಕಂಡ ಕ್ಷಣದಲ್ಲೇ ಜನ ಕಡಿಮೆ ಇಷ್ಟಪಟ್ಟರು, ಇವರ ಜೊತೆ ಮಾತಾಡಲು ಮನಸ್ಸಿಲ್ಲ ಎಂದರು. ಅದೇ ವ್ಯಕ್ತಿಗಳು ಆಡಿದ ಅದೇ ಮಾತುಗಳನ್ನು ಅಕ್ಷರದಲ್ಲಿ ಮಾತ್ರ ಕೊಟ್ಟಾಗ ಆ ವ್ಯತ್ಯಾಸ ಕಾಣಲೇ ಇಲ್ಲ. ಅಂದರೆ ನಾವು ಹೇಳುವುದರಲ್ಲಿ ಕೊರತೆಯಿಲ್ಲ. ನಮ್ಮ ಮುಖ, ದನಿ, ಕೈಗಳು ನೋಡುವವರ ನಿರೀಕ್ಷೆಯಂತೆ ನಡೆದುಕೊಳ್ಳುವುದಿಲ್ಲ, ಅಷ್ಟೇ. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಚಿಕ್ಕಂದಿನಿಂದ ಪೊಗರು, ಧಿಮಾಕು, ಮೊದ್ದು ಎಂದು ಕೇಳಿಸಿಕೊಂಡು ಬಂದ ಎಲ್ಲಕ್ಕೂ ಅಲ್ಲಿ ಕಾರಣ ಸಿಕ್ಕಿತ್ತು.

ಪೊಲೀಸರಿಗೆ ಇನ್ನೂ ಹತ್ತಿರದ್ದು ಬೇಕೆಂದರೆ 2021ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವಿದೆ. ಆಟಿಸಂ ಇರುವವರ ಸಂದರ್ಶನದ ವಿಡಿಯೊ ನೋಡಿದವರು, ಇಲ್ಲದವರಿಗಿಂತ ಇವರೇ ಹೆಚ್ಚು ಸುಳ್ಳು ಹೇಳುವಂತೆ ಕಾಣುತ್ತಾರೆ ಎಂದು ತೀರ್ಪು ಕೊಟ್ಟರು. "ಕಣ್ಣು ಕೊಡ್ತಾನೇ ಇಲ್ಲ" ಎಂದರಲ್ಲ, ಅದೇ ತೀರ್ಪು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಮ್ಮಲ್ಲಿ ಅನೇಕರಿಗೆ ಹಿಂಸೆ. ನೋಡಬೇಕು, ಇಲ್ಲವೇ ಕೇಳಿಸಿಕೊಳ್ಳಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಎದುರಿಗಿರುವವರ ಹುಬ್ಬುಗಳ ನಡುವೆ ನೋಡುವುದನ್ನು ನಾನು ಕಷ್ಟಪಟ್ಟು ರೂಢಿಸಿಕೊಂಡಿದ್ದೇನೆ. ಹಾಗೆ ಒಂದು ಗಂಟೆ ಕಳೆದರೆ ಮಾರನೆಯ ದಿನವೆಲ್ಲ ಹಾಸಿಗೆಯೇ ಗತಿ. ಟಾರ್ಚು ಮುಖಕ್ಕೆ ಬಿದ್ದ ಹೊತ್ತಿನಲ್ಲಿ ಆ ನಟನೆ ಎಲ್ಲಿಂದ ಬರಬೇಕು?

ನಾನು ಪ್ರಶ್ನೆಯನ್ನೇ ಮರಳಿ ಹೇಳಿದೆನಲ್ಲ, ಅದರ ಅರ್ಥ ಹುಡುಕಿದವರೂ ಹಿಂದೆಯೇ ಇದ್ದರು. 1943ರಲ್ಲಿ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದ ವೈದ್ಯ ಲಿಯೋ ಕ್ಯಾನರ್, 1946ರಲ್ಲಿ ಅಂಥ ಮಕ್ಕಳ ಅರ್ಥವಿಲ್ಲದಂತೆ ಕಾಣುವ ಮಾತುಗಳ ಮೂಲ ಹುಡುಕಿದರು. ಒಬ್ಬ ಹುಡುಗ ಬಾಣಲೆಯಂಥ ಪಾತ್ರೆ ಕಂಡಾಗಲೆಲ್ಲ ಒಂದು ಶಿಶುಗೀತೆಯ ತುಣುಕು ಹೇಳುತ್ತಿದ್ದ. ಅವನ ತಾಯಿ ಆ ಹಾಡು ಹೇಳಿಕೊಡುತ್ತಿದ್ದಾಗ ಅಂಥದೊಂದು ಪಾತ್ರೆ ಕೈಜಾರಿ ಬಿದ್ದಿತ್ತು. ಹಿನ್ನೆಲೆ ಗೊತ್ತಾದರೆ ಮಾತಿಗೆ ಅರ್ಥ ಬಂತು. 1981ರಲ್ಲಿ ಸಂಶೋಧಕರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಕನ್, ಕೇಳಿದ್ದನ್ನು ಒಡನೆಯೇ ಮರುನುಡಿಯುವುದಕ್ಕೆ ಏಳು ಬಗೆಯ ಉದ್ದೇಶಗಳಿರುತ್ತವೆಂದು ತೋರಿಸಿದರು: ಸರದಿ ತೆಗೆದುಕೊಳ್ಳಲು, ಹೌದೆನ್ನಲು, ಏನನ್ನೋ ಬೇಡಲು, ಯೋಚಿಸಲು ಹೀಗೆ. ಏಟು ಬೀಳುವಾಗ ನಾನು ಮಾಡುತ್ತಿದ್ದದ್ದು ಕೊನೆಯದ್ದು.

ಅರ್ಥವಾಗದಿರುವುದು ಎರಡೂ ಕಡೆಯಿಂದ ಎಂದು 2012ರಲ್ಲಿ ಬರೆದವರು ಸಂಶೋಧಕ ಡೇಮಿಯನ್ ಮಿಲ್ಟನ್, ಅವರೂ ಆಟಿಸಂ ಇರುವವರೇ. ನಮಗೆ ನಿಮ್ಮ ಮನಸ್ಸು ಓದಲು ಕಷ್ಟ, ನಿಮಗೂ ನಮ್ಮದು ಕಷ್ಟ. ಎಡಿನ್‌ಬರೊದಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತಿತರರು ಕಥೆಯೊಂದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು. ಬರೀ ಆಟಿಸಂ ಇರುವವರ ಗುಂಪು, ಇಲ್ಲದವರ ಗುಂಪಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಹೆಚ್ಚು ಜನರನ್ನು ಸೇರಿಸಿಕೊಂಡು ಮತ್ತೆ ಮಾಡಿ ನೋಡಿದಾಗಲೂ ನಮ್ಮವರು ಹಿಂದೆ ಬೀಳಲಿಲ್ಲ. ತರಬೇತಿ ಕೊಡುವವರಲ್ಲಿ ನಮ್ಮವರೂ ಇರಲಿ ಎಂದು ಕೇಳುವುದು ಇದಕ್ಕೇ. ಯಾರೋ ತಜ್ಞರು ಬಂದು ಪರದೆಯ ಮೇಲೆ ಚಿತ್ರ ತೋರಿಸಿ ಚಹಾ ಕುಡಿದು ಹೋದರೆ, ಮುಂದಿನ ಗಸ್ತಿನಲ್ಲಿ ನನ್ನಂಥವನು ಎದುರಾದಾಗ ಏನೂ ನೆನಪಿರುವುದಿಲ್ಲ. ನಮ್ಮ ಎದುರು ಒಂದು ಮಧ್ಯಾಹ್ನ ಕೂತವರಿಗೆ ನೆನಪಿರುತ್ತದೆ.

ನಾವು ಎಷ್ಟು ಜನ ಎಂದು ತಾವು ಕೇಳಬಹುದು. ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. 2011ರ ಜನಗಣತಿಯ 6.11 ಕೋಟಿಗೆ ಆ ಲೆಕ್ಕ ಹಾಕಿದರೂ ಕರ್ನಾಟಕದಲ್ಲಿ 4.8 ಲಕ್ಷ ಜನ ಆಗುತ್ತೇವೆ. ಅವರಲ್ಲಿ ಎಷ್ಟೋ ಮಂದಿಗೆ ಮಾತು ಬಹಳ ಕಡಿಮೆ, ಕೆಲವರಿಗೆ ಇಲ್ಲವೇ ಇಲ್ಲ. ಮನೆಯಿಂದ ತಪ್ಪಿಸಿಕೊಂಡು ದಾರಿಯಲ್ಲಿ ಅಲೆಯುವ ಮಕ್ಕಳಿದ್ದಾರೆ, ತಮ್ಮ ಮೇಲೆ ದೌರ್ಜನ್ಯ ನಡೆದರೂ ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಮೊದಲು ಎದುರಾಗುವುದು ತಮ್ಮ ಇಲಾಖೆಯ ಒಬ್ಬ ಪೇದೆ. ನನಗೆ ಬಂದು ಬಿಡಿಸಿಕೊಳ್ಳುವ ಅಕ್ಕ ಇದ್ದಳು. ಅಕ್ಕ ಇಲ್ಲದವರ ಗತಿ ಏನು?

ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನವೆಂದು ಕಟ್ಟಡಗಳಿಗೆ ನೀಲಿ ದೀಪ ಹಾಕುತ್ತಾರೆ, ಜಾಥಾ ಮಾಡುತ್ತಾರೆ, ಭಾಷಣ ಮಾಡುತ್ತಾರೆ. ನನಗೆ ಆ ದೀಪ ಬೇಡ ಸಚಿವರೇ. ಠಾಣೆಯಲ್ಲಿ ಒಂದು ಕಾಗದ, ಒಂದು ಪೆನ್ನು, ಸದ್ದಿಲ್ಲದ ಒಂದು ಕುರ್ಚಿ ಕೊಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿಸಿ, ಸುತ್ತುಬಳಸಿಲ್ಲದೆ ಕೇಳಿಸಿ, ಉತ್ತರಕ್ಕೆ ಎರಡು ನಿಮಿಷ ಕಾಯಿಸಿ. ಮೊಬೈಲು ಕಿತ್ತುಕೊಳ್ಳಬೇಡಿ. ಜೊತೆಗೆ ಬಂದವರನ್ನು ಕೇಳುವ ಮೊದಲು ನಮ್ಮನ್ನು ಕೇಳಿ. ಇದಕ್ಕೆ ಬಜೆಟ್ಟಿನಲ್ಲಿ ಹಣ ಎತ್ತಿಡಬೇಕಾಗಿಲ್ಲ, ಸುತ್ತೋಲೆಯೊಂದಕ್ಕೆ ಸಹಿ ಬೇಕು. ಅದನ್ನು ಬರೆಸಿ, ಸಹಿ ಹಾಕಿ, ಪ್ರತಿ ಠಾಣೆಗೂ ಕಳುಹಿಸಿ. ಕಲಂ 47ರ ತರಬೇತಿ ಯಾವಾಗ ಶುರುವಾಗುತ್ತದೆ, ಎಲ್ಲಿ, ಯಾರಿಂದ ಎಂದು ಬಹಿರಂಗವಾಗಿ ತಿಳಿಸಿ. ಮಾತಾಡಲಿಲ್ಲವೆಂಬ ಕಾರಣಕ್ಕೆ ಮುಚ್ಚಿದ ನನ್ನ ಅರ್ಜಿಯನ್ನು ಮತ್ತೆ ತೆರೆಸಿ, ನಾನು ಬರೆದು ಕೊಟ್ಟದ್ದನ್ನೇ ನನ್ನ ಹೇಳಿಕೆ ಎಂದು ದಾಖಲಿಸಿ.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಉತ್ತರ ಬರುವುದಾದರೆ ದಯವಿಟ್ಟು ಫೋನ್ ಮಾಡಿಸಬೇಡಿ, ಬಂದು ಕಾಣಿ ಎಂದೂ ಹೇಳಿಸಬೇಡಿ. ಬರೆದು ಕಳುಹಿಸಿ.

ಇಂತಿ,
ತಮ್ಮ ರಾಜ್ಯದ ಒಬ್ಬ ಆಟಿಸ್ಟಿಕ್ ಮತದಾರ