ಜೂನ್‌ನಿಂದ ಸ್ಪ್ಯಾನಿಷ್ ಪಾಠ ಕನ್ನಡದಲ್ಲೇ

ಪ್ರಿಯ ಪಾಲಕರೇ, ವಿದ್ಯಾರ್ಥಿಗಳೇ,

ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ನಡೆಯುವ ಸ್ಪ್ಯಾನಿಷ್ ತರಗತಿ ಜೂನ್‌ನಿಂದ ಬದಲಾಗುತ್ತಿದೆ. ಮೊದಲ ಹಂತ, ಅಂದರೆ ಎ1 ಪಾಠವನ್ನು ಇಷ್ಟು ದಿನ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆವು. ಇನ್ನು ಮುಂದೆ ಕನ್ನಡದಲ್ಲಿ ವಿವರಿಸುತ್ತೇವೆ. ಶುಲ್ಕ ಹೆಚ್ಚಾಗುವುದಿಲ್ಲ. ಹೊರದೇಶದಿಂದ ತರಿಸುತ್ತಿದ್ದ ಆ ದುಬಾರಿ ಪುಸ್ತಕ ಇನ್ನು ಕೊಳ್ಳಬೇಕಿಲ್ಲ. ಪಾಠದ ಹಾಳೆಗಳನ್ನು ನಮ್ಮ ಸಂಘದ ಶಿಕ್ಷಕರೇ ಬರೆದಿದ್ದಾರೆ, ಜೆರಾಕ್ಸ್ ಮಾಡಿಸಿ ನಾವೇ ಕೊಡುತ್ತೇವೆ.

‘ಇಂಗ್ಲಿಷ್ ಇಲ್ಲದೆ ಸ್ಪ್ಯಾನಿಷ್ ಹೇಗೆ?’ ಅಂತ ಕೆಲವರು ಆಗಲೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಈ ತೀರ್ಮಾನಕ್ಕೆ ನಾವು ಬಂದಿದ್ದು ಹೇಗೆ ಅಂತ ಹೇಳುತ್ತೇವೆ.

ಕಳೆದ ವರ್ಷ ಒಂದು ಶನಿವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ‘ಯೊ ಗುಸ್ತೊ ಲಾ ಲೆಚೆ’ ಅಂತ ಬರೆದಳು. ನನಗೆ ಹಾಲು ಇಷ್ಟ ಅಂತ ಹೇಳುವುದು ಅವಳ ಉದ್ದೇಶ. ಇಂಗ್ಲಿಷಿನ ‘ಐ ಲೈಕ್ ಮಿಲ್ಕ್’ ಅನ್ನು ಪದಕ್ಕೆ ಪದ ಇಳಿಸಿದ್ದಳು. ತಪ್ಪು. ಸರಿಯಾದದ್ದು ‘ಮೆ ಗುಸ್ತಾ ಲಾ ಲೆಚೆ’. ಯಾಕೆ ಹಾಗೆ ಅಂತ ಇಂಗ್ಲಿಷಿನಲ್ಲಿ ಕಾಲು ಗಂಟೆ ಹೇಳಿದೆವು. ಕರ್ತೃ ಯಾವುದು, ಕರ್ಮ ಯಾವುದು, ಬಾಣದ ಗುರುತು, ಚೌಕ, ಎಲ್ಲಾ ಆಯಿತು. ಹುಡುಗಿ ಸೀಮೆಸುಣ್ಣ ಹಿಡಿದು ಸುಮ್ನೆ ನಿಂತಿದ್ದಳು. ಕೊನೆಗೆ ಮೇಡಂ ‘ನಿಂಗೆ ಹಾಲು ಇಷ್ಟಾನಾ?’ ಅಂತ ಕೇಳಿದರು. ‘ಹೂಂ, ನಂಗೆ ಇಷ್ಟ ಹಾಲು’ ಅಂದಳು. ಮೇಡಂ ಅದನ್ನೇ ಬೋರ್ಡಿಗೆ ಹಾಕಿದರು. ‘ನಂಗೆ’ ಕೆಳಗೆ ‘ಮೆ’, ‘ಇಷ್ಟ’ ಕೆಳಗೆ ‘ಗುಸ್ತಾ’, ‘ಹಾಲು’ ಕೆಳಗೆ ‘ಲಾ ಲೆಚೆ’. ಹಿಂದಿನ ಬೆಂಚಿನ ಹುಡುಗ ತಕ್ಷಣ ಕೇಳಿದ: ‘ಮಿಸ್, ಹಾಗಾದ್ರೆ ನಂಗೆ ತಲೆ ನೋಯುತ್ತೆ ಅನ್ನೋದೂ ಹಿಂಗೇನಾ?’ ಹಾಗೇ. ‘ಮೆ ದುವೆಲೆ ಲಾ ಕಬೆಸಾ.’ ‘ಕಾಲುಗಳು ನೋಯುತ್ತವೆ’ ಅಂತ ನಾವು ಕ್ರಿಯಾಪದವನ್ನೂ ಬಹುವಚನ ಮಾಡುತ್ತೇವಲ್ಲ, ಅಲ್ಲೂ ಹಾಗೇ: ‘ಮೆ ದುವೆಲೆನ್ ಲಾಸ್ ಪಿಯೆರ್ನಾಸ್.’

ಮಕ್ಕಳಿಗೆ ಆಗಲೇ ಗೊತ್ತಿದ್ದ ವಿಷಯವನ್ನು ಗೊತ್ತಿಲ್ಲದ ಭಾಷೆಯ ಮೂಲಕ ಸುತ್ತಿಸಿ ಹೇಳುತ್ತಿದ್ದೆವು. ಅರ್ಧಕ್ಕೇ ಬಿಟ್ಟು ಹೋದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಸ್ಪ್ಯಾನಿಷ್ ಕಷ್ಟ ಆಗಿರಲಿಲ್ಲ, ನಮ್ಮ ಇಂಗ್ಲಿಷ್ ವಿವರಣೆ ಕಷ್ಟ ಆಗಿತ್ತು. ಆ ಮಕ್ಕಳ ಬಗ್ಗೆ ನಮಗೆ ಬೇಸರವಿದೆ. ಅವರು ಮತ್ತೆ ಬಂದರೆ ಎ1 ಶುಲ್ಕ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಹುಡುಕುತ್ತಾ ಹೋದಷ್ಟೂ ಇಂಥ ಹೋಲಿಕೆಗಳು ಸಿಕ್ಕವು. ‘ಮಾತಾಡುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷಿನ ‘ಆಬ್ಲೊ’ ಕೂಡ ಹಾಗೇ, ಯಾರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇದೆ. ನೀನು, ನೀವು ಅನ್ನುವ ವ್ಯತ್ಯಾಸ ಇಂಗ್ಲಿಷಿನ ‘ಯೂ’ನಲ್ಲಿ ಕಳೆದುಹೋಗುತ್ತದೆ. ಸ್ಪ್ಯಾನಿಷಿನಲ್ಲಿ ಗೆಳೆಯನಿಗೆ ‘ತು’, ಹಿರಿಯರಿಗೆ ‘ಉಸ್ತೆದ್’. ಅಜ್ಜಿಯನ್ನು ಹೇಗೆ ಮಾತಾಡಿಸಬೇಕು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾ? ‘ಅವಳು ಟೀಚರ್’ ಅನ್ನುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಡ, ‘ಅವಳು ಶಾಲೆಯಲ್ಲಿದ್ದಾಳೆ’ ಅನ್ನುವಾಗ ಬೇಕು. ಸ್ಪ್ಯಾನಿಷಿನಲ್ಲಿ ಮೊದಲನೆಯದಕ್ಕೆ ‘ಎಸ್’, ಎರಡನೆಯದಕ್ಕೆ ‘ಎಸ್ತಾ’ ಅಂತ ಎರಡು ಬೇರೆ ಕ್ರಿಯಾಪದ. ಕಲಿಯುವವರೆಲ್ಲ ಎಡವುವ ಇವುಗಳ ನಡುವಿನ ಗೆರೆ ಹೆಚ್ಚುಕಡಿಮೆ ಇದೇ ಜಾಗದಲ್ಲಿ ಹಾದುಹೋಗುತ್ತದೆ. ಪೂರ್ತಿ ಹೊಂದುವುದಿಲ್ಲ, ಆದರೆ ಶುರು ಮಾಡೋಕೆ ಸಾಕು.

ಉಚ್ಚಾರಣೆಯಂತೂ ಕೇಳಲೇಬೇಡಿ. ಅ, ಎ, ಇ, ಒ, ಉ, ಸ್ಪ್ಯಾನಿಷಿನ ಐದೂ ಸ್ವರ ನಮ್ಮಲ್ಲಿವೆ. ಅವರ ‘ತ’ ನಮ್ಮ ‘ತ’ದಂತೆಯೇ ಹಲ್ಲಿಗೆ ತಾಗುತ್ತದೆ. ಇಂಗ್ಲಿಷ್ ಮೂಲಕ ಕಲಿತ ಮಕ್ಕಳು ‘ತೊಮಾತೆ’ಯನ್ನು ‘ಟೊಮಾಟೆ’ ಅನ್ನುತ್ತಿದ್ದರು. ‘ಪೆರೊ’ ಅಂದರೆ ‘ಆದರೆ’, ‘ಪೆರ್ರೊ’ ಅಂದರೆ ನಾಯಿ. ಕತೆ, ಕತ್ತೆ ಬೇರೆ ಮಾಡಬಲ್ಲ ಮಗುವಿಗೆ ಇದು ಅರ್ಥವಾಗೋಕೆ ಒಂದು ನಿಮಿಷ ಸಾಕು. ಉತ್ತರ ಕರ್ನಾಟಕದ ಕಡೆಯವರು ಸಂಬಳಕ್ಕೆ ಪಗಾರ ಅಂತಾರಲ್ಲ, ಅದು ಪೋರ್ಚುಗೀಸರಿಂದ ಬಂದ ಮಾತು. ಸ್ಪ್ಯಾನಿಷಿನಲ್ಲೂ ‘ಪಗಾರ್’ ಅಂದರೆ ಹಣ ಕೊಡುವುದು. ತರಗತಿಯಲ್ಲಿ ಈ ಪದ ಯಾರೂ ಮರೆತಿಲ್ಲ.

ಕನ್ನಡ ನೆರವಿಗೆ ಬಾರದ ಕಡೆಗಳೂ ಇವೆ. ನಮಗೆ ಮೇಜು ನಪುಂಸಕಲಿಂಗ, ಅವರಿಗೆ ‘ಲಾ ಮೆಸಾ’ ಸ್ತ್ರೀಲಿಂಗ. ಇಲ್ಲಿ ಹಿಂದಿ ಕಲಿತ ಮಕ್ಕಳಿಗೆ ಅದೇ ಅನುಕೂಲ. ಪದಗಳ ಕ್ರಮ ಇಂಗ್ಲಿಷಿಗೇ ಜಾಸ್ತಿ ಹತ್ತಿರ. ಅಂಥ ಕಡೆ ಇಂಗ್ಲಿಷ್ ಹೋಲಿಕೆ ಕೊಡೋಕೆ ನಾವು ಹಿಂಜರಿಯುವುದಿಲ್ಲ. ಬರವಣಿಗೆಯಲ್ಲೂ ಎಚ್ಚರ ಬೇಕು. ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು ಮೊದಲ ಮೂರು ವಾರ ಮಾತ್ರ. ಯಾಕೆಂದರೆ ಸ್ಪ್ಯಾನಿಷಿನಲ್ಲಿ ‘ಬಿ’ ಮತ್ತು ‘ವಿ’ ಅಕ್ಷರಗಳ ಉಚ್ಚಾರಣೆ ಒಂದೇ, ‘ಎಚ್’ ಅಕ್ಷರವನ್ನು ಉಚ್ಚರಿಸುವುದೇ ಇಲ್ಲ. ಕನ್ನಡ ಅಕ್ಷರವನ್ನೇ ನೆಚ್ಚಿಕೊಂಡರೆ ಸ್ಪೆಲಿಂಗ್ ಕೆಡುತ್ತದೆ.

ಪರೀಕ್ಷೆಯ ಬಗ್ಗೆ. ಸ್ಪೇನ್ ಸರ್ಕಾರದ ಪರವಾಗಿ ಇನ್ಸ್ತಿತೂತೊ ಸೆರ್ವಾಂತೆಸ್ ಅನ್ನುವ ಸಂಸ್ಥೆ ನಡೆಸುವ ಸ್ಪ್ಯಾನಿಷ್ ಭಾಷಾ ಪರೀಕ್ಷೆ ‘ಡೆಲೆ’ಯಲ್ಲಿ ಇಂಗ್ಲಿಷಿನ ಅಗತ್ಯವೇ ಇಲ್ಲ. ಪ್ರಶ್ನೆಯೂ ಸ್ಪ್ಯಾನಿಷ್, ಉತ್ತರವೂ ಸ್ಪ್ಯಾನಿಷ್. ಎ1 ಹಂತದಲ್ಲಿ ಓದು ಮತ್ತು ಬರಹಕ್ಕೆ 50, ಕೇಳುವುದು ಮತ್ತು ಮಾತಾಡುವುದಕ್ಕೆ 50 ಅಂಕ. ಎರಡರಲ್ಲೂ ಕನಿಷ್ಠ 30 ಬರಬೇಕು. 11ರಿಂದ 17 ವರ್ಷದವರಿಗೆ ಇದೇ ಹಂತದ ಶಾಲಾ ಆವೃತ್ತಿ ಇದೆ, ನಾವು ತಯಾರು ಮಾಡುವುದು ಅದಕ್ಕೇ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದು ಅಂತ ಇಲ್ಲ.

ಮನೆಮಾತು ಕನ್ನಡ ಅಲ್ಲದ ಮಕ್ಕಳೂ ನಮ್ಮಲ್ಲಿದ್ದಾರೆ. ಅವರು ಹೆದರಬೇಕಿಲ್ಲ. ತಮಿಳಿನ ‘ಎನಕ್ಕು ಪಿಡಿಕ್ಕುಂ’, ತೆಲುಗಿನ ‘ನಾಕು ಇಷ್ಟಂ’, ಹಿಂದಿಯ ‘ಮುಝೆ ಪಸಂದ್ ಹೈ’, ಎಲ್ಲವೂ ‘ನನಗೆ’ ದಾರಿಯವೇ. ಆದರೂ ಕನ್ನಡ ಚೆನ್ನಾಗಿ ಬಾರದವರಿಗಾಗಿ ಭಾನುವಾರ ಬೆಳಿಗ್ಗೆಯ ಇಂಗ್ಲಿಷ್ ಬ್ಯಾಚ್ ಹಾಗೇ ಉಳಿಯುತ್ತದೆ. ಎ2 ತರಗತಿಯಲ್ಲಿ ಏನೂ ಬದಲಾಗುವುದಿಲ್ಲ.

ಇನ್ನೊಂದು ಮಾತು. ಹಿಂದಿನ ಪಾಲಕರ ಸಭೆಯಲ್ಲಿ ತಾಯಿಯೊಬ್ಬರು ಎದ್ದು ನಿಂತು, ‘ನಂಗೆ ಇಂಗ್ಲಿಷ್ ಬರಲ್ಲ ಮೇಡಂ, ಮನೇಲಿ ನಾನು ಹೆಂಗೆ ಓದಿಸ್ಲಿ?’ ಅಂತ ಕೇಳಿದ್ದರು. ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹೊಸ ಹಾಳೆಗಳಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಸ್ಪ್ಯಾನಿಷ್ ಇದೆ. ಅಮ್ಮಂದಿರೇ, ಎಡಗಡೆಯದನ್ನು ಓದಿ ಕೇಳಿ. ಬಲಗಡೆಯದನ್ನು ಕೈಯಿಂದ ಮುಚ್ಚಿ ಮಗು ಹೇಳಲಿ. ಅಡುಗೆ ಮಾಡುತ್ತಲೇ ಓದಿಸಬಹುದು.

ಜೂನ್ ಮೊದಲ ಶನಿವಾರ ಮಧ್ಯಾಹ್ನ 3ಕ್ಕೆ ಎಲ್ಲರಿಗೂ ಒಂದು ಮಾದರಿ ಪಾಠ ಇಟ್ಟುಕೊಂಡಿದ್ದೇವೆ. ಹಳೆಯ ಪುಸ್ತಕ ಬರೆಯದೆ ಹಾಗೇ ಇಟ್ಟಿದ್ದವರು ಅವತ್ತೇ ತಂದುಕೊಡಿ, ಅರ್ಧ ಬೆಲೆ ವಾಪಸ್ ಕೊಡುತ್ತೇವೆ. ಬರುವಾಗ ನಿಮ್ಮ ಮನೆಯಲ್ಲಿ ದಿನಾ ಆಡುವ ಹತ್ತು ಮಾತು ಒಂದು ಹಾಳೆಯಲ್ಲಿ ಬರೆದು ತನ್ನಿ: ‘ಹಸಿವಾಗ್ತಿದೆ’, ‘ಬಾಗಿಲು ಹಾಕು’, ‘ಎಲ್ಲಿಗೆ ಹೋಗಿದ್ದೆ’, ಏನಾದರೂ ಸರಿ. ಅವತ್ತಿನ ಪಾಠ ಅದರಿಂದಲೇ ಶುರು.

ಇಂತಿ,
ಸಂಘದ ಶಿಕ್ಷಕರು