ಸಿದ್ದಿ ಅಜ್ಜಿಯನ್ನು ಮತ್ತೊಮ್ಮೆ ಬಿಡಿಸು

ಪ್ರೀತಿಯ ತಂಗಿ,

ನಿನ್ನ ಗ್ರಾಫಿಕ್ ಕಾದಂಬರಿಯ ಹಸ್ತಪ್ರತಿಯನ್ನೂ ಅದರೊಂದಿಗಿದ್ದ ಪತ್ರವನ್ನೂ ಓದಿದೆ. ಇಬ್ಬರು ಪ್ರಕಾಶಕರು ಹಿಂತಿರುಗಿಸಿದ್ದರಿಂದ ಇನ್ನು ಚಿತ್ರ ಬಿಡಿಸುವುದೇ ಬೇಡ ಎನಿಸಿದೆ ಎಂದು ಬರೆದಿದ್ದೀಯೆ. ಹಾಗೆ ಮಾಡಬೇಡ, ಮಳೆಗಾಲದ ಅಡಿಕೆ ತೋಟವನ್ನು ನಿನ್ನಷ್ಟು ಚೆನ್ನಾಗಿ ಬಿಡಿಸಿದವರನ್ನು ನಾನು ಕಂಡದ್ದು ಕಡಿಮೆ. ಯಾವ ಪೆನ್ನು, ಯಾವ ಕಾಗದ, ಪುಟಕ್ಕೆ ಎಷ್ಟು ಚೌಕಟ್ಟು ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಹೋಗುವುದಿಲ್ಲ, ಕೈ ಪಳಗಿದಂತೆ ಅವು ತಾವಾಗಿ ತಿಳಿಯುತ್ತವೆ. ನಾನು ಹೇಳಬೇಕಾಗಿರುವುದು ಯಲ್ಲಾಪುರದ ಆ ಸಿದ್ದಿ, ಅಂದರೆ ಆಫ್ರಿಕ ಮೂಲದ ಸಮುದಾಯದ, ಅಜ್ಜಿಯ ವಿಷಯ.

ಆಕೆ ನಾಲ್ಕು ಪುಟಗಳಲ್ಲಿ ಬರುತ್ತಾಳೆ. ಗುಂಗುರು ಕೂದಲು, ಕಪ್ಪು ಮೈ, ಪಕ್ಕದಲ್ಲಿ ಸಿದ್ದಿಗಳ ವಾದ್ಯವಾದ ಡಮಾಮಿ ಡೋಲು. ನಾಯಕಿಗೆ ಕಾಡಿನ ಗುಟ್ಟೊಂದನ್ನು ಹೇಳಿ ಮರೆಯಾಗುತ್ತಾಳೆ. ಆಕೆಗೆ ಹೆಸರಿಲ್ಲ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ; ನಿನ್ನ ಅಜ್ಜಿಯ ಮನೆಯ ಗೋಡೆಯ ಮೇಲೆ ಯಾವ ಪಟವಿದೆ ಎಂಬುದು ನನಗೆ ತಿಳಿಯಲಿಲ್ಲ, ನಿನಗೂ ತಿಳಿದಿರಲಿಕ್ಕಿಲ್ಲ. ಕೊಂಕಣಿ ಬೆರೆತ ಮಾತಾಡಬೇಕಾದ ಆಕೆಯ ಬಾಯಲ್ಲಿ ನೀನು ಪಠ್ಯಪುಸ್ತಕದ ಕನ್ನಡವನ್ನಿಟ್ಟಿದ್ದೀಯೆ. 'ಕಥೆಯಲ್ಲಿ ವೈವಿಧ್ಯ ಇರಲಿ ಎಂದು ಈ ಪಾತ್ರವನ್ನು ಸೇರಿಸಿದೆ' ಎಂಬ ನಿನ್ನ ಸಾಲನ್ನು ಓದಿ ನನಗೆ ಸಿಟ್ಟು ಬಂದಿತು. ಹಾಗೆ ಸೇರಿಸಿದ ಮನುಷ್ಯರು ಕಥೆಯಲ್ಲಿ ಬದುಕುವುದಿಲ್ಲ, ತಂಗಿ.

ನನ್ನ ಸಿಟ್ಟಿಗೆ ಹಳೆಯ ಕಾರಣವಿದೆ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ನನ್ನ ತಲೆಮಾರಿನ ಮಕ್ಕಳು ಆಫ್ರಿಕದ ಜನರನ್ನು ಮೊದಲು ಕಂಡದ್ದು ಅದರ ಫ್ಯಾಂಟಮ್ ಕಥೆಗಳಲ್ಲಿ. ವಿಷದ ಬಾಣ ಹಿಡಿದ ಕುಳ್ಳರು ಒಬ್ಬ ಬಿಳಿಯ ಯಜಮಾನನ ತಲೆಬುರುಡೆ ಗುಹೆಯನ್ನು ಕಾಯುತ್ತಾ ನಿಂತಿರುತ್ತಿದ್ದರು. ಮೂಲದಲ್ಲಿ 'ಬೆಂಗಾಲಿ' ಎಂದಿದ್ದ ಆ ದೇಶದ ಹೆಸರನ್ನು ನಮ್ಮ ಓದುಗರಿಗಾಗಿ 'ಡೆಂಕಾಲಿ' ಎಂದು ತಿದ್ದಲಾಯಿತು; ಕುಳ್ಳರ ಚಿತ್ರವನ್ನು ತಿದ್ದಬೇಕೆಂದು ಯಾರಿಗೂ ತೋಚಲಿಲ್ಲ. ಆಫ್ರಿಕದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅದೇ ಹೊತ್ತಿನಲ್ಲಿ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಬೇಸಾಯ ಮಾಡಿಕೊಂಡಿದ್ದರೆಂಬುದನ್ನು ನಮಗೆ ಯಾವ ಚಿತ್ರಕಥೆಯೂ ಹೇಳಲಿಲ್ಲ. ಮುಂದೆ ನಾನೇ ಚಿತ್ರಕಥೆ ಬರೆಯತೊಡಗಿದಾಗ, ಪತ್ರಿಕೆಯೊಂದರ ಸಂಪಾದಕರು ನನ್ನ ಕಥೆಯ ನಾಯಕಿಯ ಮೈಬಣ್ಣವನ್ನು ತಿಳಿಯಾಗಿಸಿ, ಕಳ್ಳನ ಬಣ್ಣವನ್ನು ಗಾಢವಾಗಿಸಿ, ನನ್ನನ್ನು ಒಂದು ಮಾತೂ ಕೇಳದೆ ಅಚ್ಚು ಹಾಕಿಸಿದರು. ಆ ಸಂಚಿಕೆಯನ್ನು ನಾನು ಇಂದಿಗೂ ಮನೆಯಲ್ಲಿ ಇಟ್ಟುಕೊಂಡಿಲ್ಲ.

ನೋಡಬೇಕು, ನನ್ನದು ಇದೊಂದೇ ಹಟ. ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಹತ್ತಿರ ಕುಳಿತು ನೋಡು. ಹಳೆಯ ಸೀರೆಯ ಮೇಲೆ ಬಟ್ಟೆಯ ತುಂಡುಗಳನ್ನಿಟ್ಟು ಅವರು ಒಂದು ಮೂಲೆಯಿಂದ ಹೊಲಿಗೆ ಆರಂಭಿಸುತ್ತಾರೆ. ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಸಣ್ಣ ತುಂಡುಗಳನ್ನು ಕೂಡಿಸುವವರೆಗೆ ಕೌದಿ ಮುಗಿದಂತಲ್ಲ. ನಿನ್ನ ಹದಿನೆಂಟನೆಯ ಪುಟದಲ್ಲಿ ಅಜ್ಜಿಯ ಬೆನ್ನ ಹಿಂದೆ ಕೌದಿಯೊಂದು ಬರಿಯ ಚೌಕುಳಿ ಬಟ್ಟೆಯಂತೆ ನೇತಾಡುತ್ತಿದೆ. ಆಕೆ ಅದನ್ನು ಹೊಲಿಯುವುದನ್ನು ನೀನು ಕಂಡಿದ್ದರೆ, ಆ ಪುಟದ ಚೌಕಟ್ಟುಗಳೇ ಅಂಚಿನಿಂದ ನಡುವಿಗೆ ಸುತ್ತಿ ಬರುತ್ತಿದ್ದವೇನೋ.

ಇದು ಆಗದ ಮಾತಲ್ಲ. ಅಂಬೇಡ್ಕರರ ಬದುಕನ್ನು ಕುರಿತು 2011ರಲ್ಲಿ ಬಂದ 'ಭೀಮಾಯಣ' ಎಂಬ ಗ್ರಾಫಿಕ್ ಕಾದಂಬರಿಗೆ ಚಿತ್ರ ಬರೆದ, ಮಧ್ಯ ಭಾರತದ ಪರ್ಧಾನ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ತಮ್ಮ ಪಾತ್ರಗಳನ್ನು ಪೆಟ್ಟಿಗೆಗಳೊಳಗೆ ಕೂಡಿಹಾಕಲು ಒಪ್ಪಲಿಲ್ಲ; ಚೌಕಟ್ಟಿನ ಜಾಗದಲ್ಲಿ ತಮ್ಮ ಮನೆಯ ಗೋಡೆ, ನೆಲಗಳ ದಿಗ್ನಾ ವಿನ್ಯಾಸವನ್ನು ಹರಿಯಬಿಟ್ಟರು. ಅಲ್ಲಿ ಮೃದುವಾದ ಮಾತು ಹಕ್ಕಿಯಾಕಾರದ ಬಲೂನಿನಲ್ಲಿ ಬಂದರೆ, ಅಸ್ಪೃಶ್ಯತೆಯ ನಂಜು ತುಂಬಿದ ಮಾತಿನ ಬಲೂನಿಗೆ ಚೇಳಿನ ಕೊಂಡಿಯಿದೆ. ಆ ಕೊಂಡಿಯನ್ನು ಕಂಡ ಮೇಲೆ ಬಾಲಕ ಭೀಮನಿಗೆ ನೀರು ನಿರಾಕರಿಸಿದವರ ಮಾತನ್ನು ನಾನು ಕಿವಿಯಲ್ಲಿ ಕೇಳಿದಂತಾಯಿತು.

ಜಗತ್ತೆಲ್ಲ ಜಪಾನಿನ ಚಿತ್ರಕಥೆಯಾದ ಮಾಂಗಾ ಓದುತ್ತಿರುವುದರಿಂದ ನಾನೂ ಹಾಗೆಯೇ ಬಿಡಿಸುತ್ತೇನೆ ಎಂದಿದ್ದೀಯೆ. ಬಿಡಿಸು, ನನ್ನ ಆಕ್ಷೇಪವಿಲ್ಲ. ಮಾಂಗಾದ ಆ ದೊಡ್ಡ ಕಣ್ಣುಗಳನ್ನು ಅದರ ಹಿರಿಯ ಕಲಾವಿದ ತೆಜುಕಾ ಒಸಾಮು ಕೂಡ ಅಮೆರಿಕದ ಡಿಸ್ನಿ ಚಿತ್ರಗಳಿಂದ ಕಲಿತದ್ದು. ಆದರೆ ಮತ್ತೊಬ್ಬ ಮಾಂಗಾ ಕಲಾವಿದ ಮಿಜುಕಿ ಶಿಗೆರು ಅವರನ್ನು ಓದಿದ್ದೀಯಾ? ಎರಡನೆಯ ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡ ಆ ಮನುಷ್ಯ, ತನ್ನ ಬಾಲ್ಯದ ಸಕಾಯ್‌ಮಿನಾಟೊ ಊರಿನಲ್ಲಿ ಭೂತಪ್ರೇತಗಳ ಕಥೆ ಹೇಳುತ್ತಿದ್ದ ಬಡ ಮುದುಕಿಯೊಬ್ಬಳನ್ನು 'ನೊನ್ನೊನ್‌ಬಾ' ಎಂಬ ಇಡೀ ಪುಸ್ತಕವಾಗಿಸಿದರು. ಅವರ ಮನುಷ್ಯರು ಸರಳವಾದ ವ್ಯಂಗ್ಯಚಿತ್ರದ ಗೆರೆಗಳು. ಅವರ ಹಿಂದಿನ ಮನೆ, ಮರ, ಬೇಲಿಗಳಾದರೋ ಎಣಿಸಿ ಬಿಡಿಸಿದಷ್ಟು ಖಚಿತ. 2007ರಲ್ಲಿ ಫ್ರಾನ್ಸಿನ ಆಂಗುಲೇಮ್ ಚಿತ್ರಕಥಾ ಉತ್ಸವ ವರ್ಷದ ಅತ್ಯುತ್ತಮ ಕೃತಿಯೆಂದು ಗೌರವಿಸಿದ್ದು ಈ ಹಳ್ಳಿಯ ಮುದುಕಿಯ ಕಥೆಯನ್ನು. ನಿನ್ನ ಕೈಯಲ್ಲೂ ಒಬ್ಬ ಅಜ್ಜಿಯಿದ್ದಾಳೆ, ನೀನು ಆಕೆಗೆ ನಾಲ್ಕು ಪುಟ ಕೊಟ್ಟಿದ್ದೀಯೆ.

ಹದಿನಾರರಿಂದ ಹತ್ತೊಂಬತ್ತರವರೆಗಿನ ಪುಟಗಳನ್ನು ಸದ್ಯಕ್ಕೆ ಬದಿಗಿಡು. ಯಲ್ಲಾಪುರಕ್ಕೆ ಹೋಗಿ ಬಾ. ಕ್ಯಾಮರಾ ಒಯ್ಯಬೇಡ, ಕೌದಿ ಹೊಲಿಯುವವರು ಒಪ್ಪಿದರೆ ಅವರ ಜಗಲಿಯಲ್ಲಿ ಕುಳಿತುಕೋ, ಸೂಜಿ ಕೊಟ್ಟರೆ ತೆಗೆದುಕೋ. ಅವರ ಬಗ್ಗೆ ನೀನು ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೇ ಓದಿ ಹೇಳು. ಅವರು ಬೇಡವೆಂದದ್ದನ್ನು ತೆಗೆದುಹಾಕು. ಆಮೇಲೆ ಅಜ್ಜಿಗೆ ಒಂದು ಹೆಸರಿಟ್ಟು, ಆಕೆಯ ಅಧ್ಯಾಯವನ್ನು ಬೇಕಾದಷ್ಟು ಉದ್ದವಾಗಿ ಬಿಡಿಸಿ ನನಗೆ ಕಳುಹಿಸು. ಮೂರನೆಯ ಪ್ರಕಾಶಕರಿಗೆ ಪತ್ರವನ್ನು ನಾನು ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ