ಭಾನುವಾರದ ಮಾತುಕತೆ: 14 ತಂಡಗಳ ಎಡ್ವಿನ್ ಜಾಕ್ಸನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ದೊಡ್ಡ ಸ್ಟಾರ್ ಯಾರೂ ಬೇಡ. ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವರು) ಎಡ್ವಿನ್ ಜಾಕ್ಸನ್ ಬಗ್ಗೆ ಮಾತಾಡೋಣ. ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ 2003ರಿಂದ 2019ರವರೆಗೆ 14 ತಂಡಗಳಿಗೆ ಆಡಿದವರು. ಆಗ ಅದು ದಾಖಲೆ. 2025ರಲ್ಲಿ ರಿಚ್ ಹಿಲ್ ಅದನ್ನು ಸರಿಗಟ್ಟಿದರು.

ಗೆದ್ದದ್ದು 107, ಸೋತದ್ದು 133. ಅಂಕಿ ನೋಡಿ ಸುಮ್ನೆ ಪಕ್ಕಕ್ಕಿಡಬೇಡಿ. 20ನೇ ಹುಟ್ಟುಹಬ್ಬದ ದಿನವೇ ಮೊದಲ ಪಂದ್ಯ, ಎದುರಿಗೆ ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್, ಆದರೂ ಗೆದ್ದರು!

ತಪ್ಪದೆ ನೋಡಬೇಕಾದ್ದು 2010ರ ಜೂನ್ 25ರ ಪಂದ್ಯ. ಅರಿಜೋನಾ ಪರ, ತಮ್ಮ ಹಳೇ ತಂಡ ಟ್ಯಾಂಪಾ ಬೇ ವಿರುದ್ಧ ನೋ-ಹಿಟ್ಟರ್. ಅಂದರೆ ಎದುರಾಳಿಗೆ ಒಂದೂ ಹಿಟ್ (ಬೇಸ್, ಅಂದರೆ ರನ್ ಹಾದಿಯ ನಿಲ್ದಾಣ, ತಲುಪಿಸುವ ಹೊಡೆತ) ಇಲ್ಲ. ಆದರೆ ಎಂಟು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಕೊಟ್ಟರು, ಅದರಲ್ಲಿ ಏಳು ಮೊದಲ ಮೂರು ಇನ್ನಿಂಗ್ಸ್‌ನಲ್ಲೇ. ಮೂರನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್‌ನಲ್ಲಿ ಎದುರಾಳಿಗಳು ಭರ್ತಿ, ಒಬ್ಬರೂ ಔಟಾಗಿಲ್ಲ. ಅಲ್ಲಿಂದ ಒಂದೂ ರನ್ ಬಿಡದೆ ಪಾರಾದರು. ಒಟ್ಟು 149 ಎಸೆತ, ಫಲಿತಾಂಶ 1-0. ಇವತ್ತು ನೂರು ಎಸೆತ ದಾಟುತ್ತಿದ್ದಂತೆ ಪಿಚರ್ ಬದಲಿಸೋಕೆ ಕೋಚ್ ಎದ್ದು ಬರ್ತಾರೆ, ಅಲ್ವಾ?

ಇಷ್ಟಾದ ಮೇಲೂ ಮುಂದಿನ ತಿಂಗಳೇ ಅವರನ್ನು ಶಿಕಾಗೋಗೆ ಕೊಟ್ಟರು. 2011ರ ಜುಲೈನಲ್ಲಿ ಶಿಕಾಗೋದಿಂದ ಟೊರಾಂಟೊ, ಅದೇ ದಿನ ಅಲ್ಲಿಂದ ಸೇಂಟ್ ಲೂಯಿಸ್! ಆ ವರ್ಷ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್ (ಮೇಜರ್ ಲೀಗ್ ಫೈನಲ್) ಗೆದ್ದಿತು. ಜಾಕ್ಸನ್ ಬಳಿ ಟೋಕಿಯೊ ಒಲಿಂಪಿಕ್ಸ್ ಬೆಳ್ಳಿಯೂ ಇದೆ.

ಆ ಮೂರನೇ ಇನ್ನಿಂಗ್ಸ್‌ನ ವಿಡಿಯೊ ಸಿಕ್ಕವರು ಶನಿವಾರದೊಳಗೆ ಇಲ್ಲೇ ಹಾಕಿ. ಐಪಿಎಲ್ ಫಾರ್ವರ್ಡ್ ದಯವಿಟ್ಟು ಬೇಡ.